ದಫ್ತರದಲ್ಲಿ ಬರೆದ ಹೆಸರು

ಹೆಣ್ಣೆಂದಾಗಲಿ ಗಂಡೆಂದಾಗಲಿ ಲೋಕವು ಹುಟ್ಟಿನಲ್ಲಿ ಇಟ್ಟ ಗುರುತಿಗೆ ಒಳಪಡದೆ ಬಾಳಿದವರು ನಮ್ಮ ದೇಶದಲ್ಲಿ ಬಹು ಹಿಂದಿನಿಂದಲೂ ಉಂಟು. ಅವರ ಚರಿತ್ರೆಯನ್ನು ಬರೆಯಹೊರಟವರಿಗೆ ಮೊದಲು ತೊಡಕು ಬರುವುದು ಶಬ್ದದಲ್ಲಿ. ದಫ್ತರದಲ್ಲಿ ಒಂದು ಹೆಸರು, ಬೀದಿಯಲ್ಲಿ ಇನ್ನೊಂದು, ಅವರವರಲ್ಲಿಯೇ ಮತ್ತೊಂದು. ದಫ್ತರದ ಹೆಸರನ್ನೇ ಎತ್ತಿಕೊಂಡು ಬರೆದರೆ ಏನಾಗುವುದೆಂಬುದಕ್ಕೆ ಒಂದು ಕಾಯಿದೆಯ ಕಥೆಯನ್ನು ವಾಚಕರ ಮುಂದಿಡುತ್ತೇನೆ.

1871ರಲ್ಲಿ ಇಂಗ್ಲಿಷ್ ಸರ್ಕಾರವು ಹೊರಡಿಸಿದ 27ನೆಯ ಕಾಯಿದೆಯು ಅಪರಾಧಿ ಬುಡಕಟ್ಟುಗಳ ಕಾಯಿದೆಯೆಂದು ಪ್ರಸಿದ್ಧವಾಗಿದೆ. ಅದರ ಎರಡನೆಯ ಭಾಗವು ‘ಯೂನಕ್’ ಎಂದು ಕರೆಯಲ್ಪಟ್ಟವರಿಗೆ ಸಂಬಂಧಿಸಿದುದೆಂಬುದನ್ನು ಬಲ್ಲವರು ಕಡಮೆ. ತಾನೇ ಒಪ್ಪಿಕೊಂಡ, ಇಲ್ಲವೆ ವೈದ್ಯಪರೀಕ್ಷೆಯಿಂದ ಸ್ಪಷ್ಟಪಟ್ಟ, ಪುಂಸ್ತ್ವಹೀನನಾದ ಗಂಡಸು ಎಂಬುದೇ ಆ ಶಬ್ದಕ್ಕೆ ಕಾಯಿದೆಯು ಕೊಟ್ಟ ಅರ್ಥ. ಉತ್ತರದೇಶದ ಹಿಜಡಾ ಪಂಗಡಗಳಲ್ಲಿ ಗುರುವಿನಿಂದ ಚೇಲಾಗೆ ಇಳಿದು ಬರುವ ಪರಂಪರೆಯುಂಟು. ಮಗು ಹುಟ್ಟಿದ ಮನೆಗೂ ಮದುವೆಯ ಮನೆಗೂ ಹೋಗಿ, ಹಾಡಿ ಕುಣಿದು ಹರಸಿ, ಕಾಣಿಕೆ ಪಡೆಯುವುದು ಅವರ ವೃತ್ತಿ. ಅರಮನೆಗಳ ಅಂತಃಪುರವನ್ನು ಕಾಯುತ್ತಿದ್ದ ಖೋಜರ ಬಾಳು ಬೇರೆಯ ಬಗೆಯದು. ಇವರೆಲ್ಲರನ್ನೂ ಒಂದೇ ಶಬ್ದದಲ್ಲಿ ತುಂಬಿ, ಏನು ಇಲ್ಲವೋ ಅದರಿಂದಲೇ ಗುರುತಿಸಿದ್ದಾಯಿತು.

ಆ ಶಬ್ದದ ಬೆನ್ನಿಗೆ ದಂಡನೆ ಬಂದಿತು. ಮಕ್ಕಳನ್ನು ಅಪಹರಿಸುವರೆಂಬ ಸಂದೇಹದ ಮೇಲೆ ಅವರ ಹೆಸರು, ವಾಸಸ್ಥಳ, ಆಸ್ತಿಗಳನ್ನು ಪಟ್ಟಿಯಲ್ಲಿ ಬರೆದಿಡತಕ್ಕದ್ದು. ಪಟ್ಟಿಯಲ್ಲಿ ಸೇರಿದವರು ಹೆಣ್ಣಿನ ಉಡುಗೆತೊಡುಗೆಯಲ್ಲಿ ಬೀದಿಗೆ ಬಂದರೆ, ಅಥವಾ ಬಹಿರಂಗವಾಗಿ ಕುಣಿದರೆ, ವಾರಂಟಿಲ್ಲದೆ ಹಿಡಿಯಬಹುದು. ಎರಡು ವರ್ಷದವರೆಗೆ ಸೆರೆ. ದತ್ತು ತೆಗೆದುಕೊಳ್ಳಲಾಗದು, ದಾನ ಕೊಡಲಾಗದು, ಮರಣಶಾಸನ ಬರೆಯಲಾಗದು. ಶಿಷ್ಯರೇ ಮಕ್ಕಳಾಗಿದ್ದ ಮನೆಗಳಿಗೆ ಇದಕ್ಕಿಂತ ದೊಡ್ಡ ಪೆಟ್ಟು ಯಾವುದು?

1911ರ ಹೊಸ ಕಾಯಿದೆಯಲ್ಲಿ ಈ ಭಾಗ ಬಿಟ್ಟುಹೋಯಿತು. ಆದರೆ ನಿಜಾಮರ ಸರ್ಕಾರವು 1919ರಲ್ಲಿ, ಫಸಲಿ 1329ರಲ್ಲಿ, ಹೈದರಾಬಾದು ನಗರಕ್ಕೆ ಇಂಥದೇ ಒಂದು ಕಾಯಿದೆ ಮಾಡಿತು. ನಮ್ಮ ಕಲಬುರಗಿ, ಬೀದರು, ರಾಯಚೂರುಗಳು ಆಗ ಆ ಸಂಸ್ಥಾನದವೇ. ತೆಲಂಗಾಣದ ಉಚ್ಚ ನ್ಯಾಯಾಲಯವು ಅದನ್ನು ಅಸಿಂಧುವೆಂದು ಸಾರಿದುದು 2023ರಲ್ಲಿ. ಇನ್ನೂ ಸೋಜಿಗದ ಸಂಗತಿಯೆಂದರೆ, ಕರ್ನಾಟಕದ ಪೊಲೀಸು ಕಾಯಿದೆಗೆ 2011ರಲ್ಲಿ 36ಎ ಎಂಬ ಕಲಮನ್ನು ಸೇರಿಸಿದಾಗ, 1871ರ ಪಟ್ಟಿಯೂ ಸಂದೇಹವೂ ಹೆಚ್ಚುಕಡಮೆ ಅದೇ ಮಾತುಗಳಲ್ಲಿ ಮರಳಿ ಬಂದುದು. ವಿಷಯವು ನ್ಯಾಯಾಲಯವನ್ನು ಮುಟ್ಟಿದ ಮೇಲೆ ‘ಯೂನಕ್’ ಎಂಬುದನ್ನು ತೆಗೆದು ‘ವ್ಯಕ್ತಿ’ ಎಂದು ತಿದ್ದಿದರು. ಶಬ್ದವನ್ನು ಕಿತ್ತರು, ಕಲಮನ್ನು ಕೀಳಲಿಲ್ಲ.

ಇಂಗ್ಲಿಷರನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ‘ನಪುಂಸಕ’ವೆಂಬ ನಮ್ಮ ಪದವೂ ‘ಗಂಡಸಲ್ಲದುದು’ ಎಂಬ ಇಲ್ಲವೆಯಿಂದಲೇ ಹುಟ್ಟಿದುದು. ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ. ಮನುಷ್ಯರಲ್ಲಿ ಗಂಡು ಪುಲ್ಲಿಂಗ, ಹೆಣ್ಣು ಸ್ತ್ರೀಲಿಂಗ, ಉಳಿದುದು ನಪುಂಸಕವೆಂಬ ವ್ಯವಸ್ಥೆಯನ್ನು ಹದಿಮೂರನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣದಲ್ಲಿಯೇ ಕಾಣುತ್ತೇವೆ. ಆದುದರಿಂದ ಬೆಳೆದ ಮನುಷ್ಯರೊಬ್ಬರನ್ನು ‘ಅದು’ ಎಂದರೆ ಕಲ್ಲುಮರಗಳ ಸಾಲಿಗೆ ನೂಕಿದಂತೆಯೇ ಸರಿ. (ಮಗುವನ್ನು ಹಾಗೆ ಕರೆಯುತ್ತೇವಲ್ಲ ಎಂದು ಯಾರಾದರೂ ಕೇಳಬಹುದು, ಅಲ್ಲಿ ಮಮತೆಯುಂಟು, ಇಲ್ಲಿ ಅದರ ಸುಳಿವೂ ಇಲ್ಲ.) ಅದೇ ನುಡಿಯಲ್ಲಿ ‘ಅವರು’ ಎಂಬ ರೂಪವೂ ಇದೆ. ಅದರಲ್ಲಿ ಹೆಣ್ಣುಗಂಡಿನ ಭೇದವಿಲ್ಲ, ಮನ್ನಣೆಯೂ ಇದೆ. ತಮ್ಮನ್ನು ಹೆಣ್ಣೆಂದೂ ಗಂಡೆಂದೂ ಎಣಿಸದವರಿಗಾಗಿ ಹೊಸ ಸರ್ವನಾಮವನ್ನು ಕಟ್ಟುವ ಕಷ್ಟ ನಮಗಿಲ್ಲ.

ಇನ್ನು ಅವರವರೇ ಇಟ್ಟುಕೊಂಡ ಹೆಸರುಗಳು. ಸವದತ್ತಿಯ ಎಲ್ಲಮ್ಮನಿಗೆ ನಡೆದುಕೊಳ್ಳುವ ಜೋಗಪ್ಪಗಳು ಮುತ್ತು ಕಟ್ಟಿಸಿಕೊಂಡು, ಸೀರೆಯುಟ್ಟು, ತಲೆಯ ಮೇಲೆ ಕೊಡ ಹೊತ್ತು, ಚೌಡಿಕೆಯ ನಾದಕ್ಕೆ ದೇವಿಯ ಕಥೆಯನ್ನು ಹಾಡುವರು. ಹೆಸರಿನ ಕೊನೆಗೆ ‘ಅಪ್ಪ’, ಮೈಮೇಲೆ ಸೀರೆ! ಪರೀಕ್ಷೆ ಮಾಡುವ ವೈದ್ಯನಿಗೆ ಇದರ ಅರ್ಥ ಸಿಕ್ಕದು. ಇದು ಸೇವೆಯಿಂದ ಬಂದ ಹೆಸರು. ಅವರಲ್ಲಿಯೇ ಜೋಗತಿಯೆಂದು ಕರೆಸಿಕೊಳ್ಳುವವರೂ ಉಂಟು. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರು ಕಾಳವ್ವ ಜೋಗತಿಯವರಿಂದ ಈ ಕಲೆಯನ್ನು ಕಲಿತು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು. ಪ್ರಶಸ್ತಿ ಬಂದುದು ಜೋಗತಿಯೆಂಬ ಹೆಸರಿಗೇ.

2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು, ತಾವು ಹೆಣ್ಣೋ ಗಂಡೋ ತೃತೀಯಲಿಂಗದವರೋ ಎಂಬುದನ್ನು ನಿಶ್ಚಯಿಸುವ ಹಕ್ಕು ಅವರವರದೇ ಎಂದು ತೀರ್ಪಿತ್ತಿತು. ಚರಿತ್ರಕಾರನು ಇದನ್ನು ವಿವೇಕದಿಂದ ಅನ್ವಯಿಸಬೇಕು. ವಿರಾಟನ ಮನೆಯ ಬೃಹನ್ನಳೆಗೆ ಇಂದಿನ ಪದವನ್ನು ಅಂಟಿಸುವುದು ಸಲ್ಲದು. ಹಾಗೆಯೇ, ದ್ರುಪದನ ಮನೆಯಲ್ಲಿ ಹುಟ್ಟಿ ಮಹಾರಥನೆನಿಸಿದ ಶಿಖಂಡಿಯ ಹೆಸರನ್ನು ಬೈಗುಳವಾಗಿ ಬಳಸುವುದೂ ಓದಿದವರಿಗೆ ಒಪ್ಪುವುದಲ್ಲ. ಹಳೆಯ ದಫ್ತರದ ಶಬ್ದವನ್ನು ಉದ್ಧರಿಸಬೇಕಾದಾಗ ಅದು ದಫ್ತರದ್ದೆಂದು ಗುರುತು ಹಾಕಿ ಉದ್ಧರಿಸಬೇಕು. ಒಬ್ಬರು ಬಿಟ್ಟುಬಂದ ಹುಟ್ಟುಹೆಸರನ್ನು ಕೆದಕಿ ಅಚ್ಚುಹಾಕಬಾರದು.

ನಮ್ಮ ಸಂಘದ ಮಿತ್ರರು ಜಾತ್ರೆಗಳಿಗೆ ಹೋಗಿ ಚೌಡಿಕೆಯ ಪದಗಳನ್ನು ಬರೆದು ತರುವುದುಂಟು. ಪದದ ಕೆಳಗೆ ಹಾಡಿದವರ ಹೆಸರನ್ನು ಅವರು ಹೇಳಿದಂತೆಯೇ, ಅವರ ಗುರುವಿನ ಹೆಸರಿನೊಡನೆ, ಬರೆದು ಕಳುಹಿಸಿದರೆ ಉಪಕಾರವಾಗುವುದು.