ಕಾಫಿ ಸೀಮೆಯಲ್ಲಿ ಸಮಾಜವಿಜ್ಞಾನದ ಅಧ್ಯಯನ: ಸಂಶೋಧನಾ ಪ್ರಸ್ತಾವನೆ ಬರೆಯುವುದು ಹೇಗೆ?

ಚಿಕ್ಕಮಗಳೂರು: ಸಮಾಜಶಾಸ್ತ್ರ, ಅರ್ಥಶಾಸ್ತ್ರ, ಸಮಾಜಕಾರ್ಯ ಮೊದಲಾದ ವಿಷಯಗಳ ಸ್ನಾತಕೋತ್ತರ ವಿದ್ಯಾರ್ಥಿಗಳು ಕಿರುಪ್ರಬಂಧಕ್ಕೆ ತೊಡಗುವ ಮುನ್ನ ಸಾಮಾನ್ಯವಾಗಿ ಸಂಶೋಧನಾ ಪ್ರಸ್ತಾವನೆಯೊಂದನ್ನು ಸಲ್ಲಿಸಬೇಕಾಗುತ್ತದೆ. ಸಿನಾಪ್ಸಿಸ್ ಎಂದೂ ಕರೆಯಲಾಗುವ ಈ ಬರಹವು ಏನನ್ನು, ಏಕೆ, ಯಾರಿಂದ, ಯಾವ ವಿಧಾನದಿಂದ ಮತ್ತು ಎಷ್ಟು ಅವಧಿಯಲ್ಲಿ ತಿಳಿಯಲಾಗುವುದು ಎಂಬ ಐದು ಪ್ರಶ್ನೆಗಳಿಗೆ ಲಿಖಿತ ಉತ್ತರವಾಗಿರುತ್ತದೆ.

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ತೋಟಗಳನ್ನು ಅಧ್ಯಯನಕ್ಕೆ ಆರಿಸಿಕೊಳ್ಳುವವರು ಇದನ್ನು ಕೇವಲ ಔಪಚಾರಿಕ ಕ್ರಮವೆಂದು ಭಾವಿಸುವಂತಿಲ್ಲ. ತೋಟದ ಲೈನ್ ಮನೆಗಳಲ್ಲಿ ವಾಸಿಸುವ ಕಾರ್ಮಿಕರ ಕೆಲಸ ಮತ್ತು ಸೂರು ಎರಡೂ ಒಬ್ಬರೇ ಮಾಲೀಕರ ಕೈಯಲ್ಲಿರುತ್ತವೆ. ಯಾರನ್ನು, ಎಲ್ಲಿ, ಯಾರ ಎದುರಿನಲ್ಲಿ ಪ್ರಶ್ನಿಸಲಾಗುವುದು ಎಂಬುದನ್ನು ಮೊದಲೇ ನಿರ್ಧರಿಸದಿದ್ದಲ್ಲಿ ದೊರೆಯುವ ಉತ್ತರ ನಂಬಿಕೆಗೆ ಅರ್ಹವಾಗದು. ಉತ್ತರಿಸಿದವರಿಗೂ ತೊಂದರೆಯಾದೀತು.

ವಿಷಯದಿಂದ ಪ್ರಶ್ನೆಗೆ

'ಕಾಫಿ ತೋಟ ಕಾರ್ಮಿಕರ ಸಾಮಾಜಿಕ, ಆರ್ಥಿಕ ಸ್ಥಿತಿಗತಿ: ಒಂದು ಅಧ್ಯಯನ' ಎಂಬುದು ವಿಷಯವಾಯಿತೇ ಹೊರತು ಪ್ರಶ್ನೆಯಾಗಲಿಲ್ಲ. ಕೂಲಿ, ವಸತಿ, ಸಾಲ, ಆರೋಗ್ಯ, ಶಿಕ್ಷಣ ಎಲ್ಲವನ್ನೂ ಒಂದೇ ಸೆಮಿಸ್ಟರ್‌ನಲ್ಲಿ ಆಳವಾಗಿ ನೋಡಲಾಗದು. ಇದನ್ನು ಹೀಗೆ ಕಿರಿದುಗೊಳಿಸಬಹುದು: 'ಕೊಯ್ಲಿಗಾಗಿ ಹೊರರಾಜ್ಯಗಳಿಂದ ಬರುವ ಕಾರ್ಮಿಕರ ಮಕ್ಕಳ ಶಾಲಾ ಹಾಜರಾತಿಯು ಖಾಯಂ ಕಾರ್ಮಿಕರ ಮಕ್ಕಳ ಹಾಜರಾತಿಗಿಂತ ಹೇಗೆ ಭಿನ್ನವಾಗಿದೆ? ಅದಕ್ಕೆ ಕಾರಣಗಳೇನು?' ಅಳೆಯಬೇಕಾದದ್ದು ಯಾವುದು, ಹೋಲಿಕೆ ಯಾರ ನಡುವೆ ಎಂಬುದು ಇಲ್ಲಿ ಸ್ಪಷ್ಟವಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯು 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಹಾಗೂ ಕಡ್ಡಾಯ ಶಿಕ್ಷಣದ ಹಕ್ಕು ನೀಡಿರುವುದರಿಂದ ಅಧ್ಯಯನದ ಮಹತ್ವವನ್ನೂ ಸುಲಭವಾಗಿ ನಿರೂಪಿಸಬಹುದು.

ಉತ್ತಮ ಹೋಲಿಕೆಗೆ ನಮ್ಮ ರಾಜ್ಯದಲ್ಲಿಯೇ ಮಾದರಿಯಿದೆ. ಸ್ಕಾರ್ಲೆಟ್ ಎಪ್‌ಸ್ಟೈನ್ ಅವರು 1950ರ ದಶಕದಲ್ಲಿ ಮಂಡ್ಯ ಸೀಮೆಯ ಎರಡು ಗ್ರಾಮಗಳನ್ನು ಅಧ್ಯಯನಕ್ಕೆ ಆರಿಸಿಕೊಂಡರು. ಒಂದಕ್ಕೆ ನಾಲೆಯ ನೀರು ಬಂದಿತ್ತು, ಇನ್ನೊಂದು ಒಣಭೂಮಿಯಾಗಿಯೇ ಉಳಿದಿತ್ತು. ನೀರು ಬಂದ ಊರಿನಲ್ಲಿ ಬೇಸಾಯ ಬೆಳೆಯಿತು, ಹಳೆಯ ಸಾಮಾಜಿಕ ಸಂಬಂಧಗಳು ಬಹುಮಟ್ಟಿಗೆ ಉಳಿದವು. ಹೊರಗಿನ ಉದ್ಯೋಗ, ವ್ಯಾಪಾರಗಳತ್ತ ಹೊರಳಿದ ಒಣ ಊರಿನಲ್ಲಿಯೇ ಬದಲಾವಣೆ ಹೆಚ್ಚಾಗಿತ್ತು. 1962ರಲ್ಲಿ ಪ್ರಕಟವಾದ ಈ ಅಧ್ಯಯನದ ಬಲವಿರುವುದು ಊರುಗಳ ಆಯ್ಕೆಯಲ್ಲಿ.

ಹಿಂದಿನ ಅಧ್ಯಯನ ಮತ್ತು ಅಂಕಿಅಂಶ

ಇತರರು ಈಗಾಗಲೇ ಕಂಡುಕೊಂಡದ್ದನ್ನು ಸಂಕ್ಷಿಪ್ತವಾಗಿ ಹೇಳಿ, ಉಳಿದಿರುವ ಕೊರತೆಯನ್ನು ತೋರಿಸುವುದು ಮುಂದಿನ ಭಾಗ. ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಇನ್‌ಫ್ಲಿಬ್‌ನೆಟ್‌ನ ಶೋಧಗಂಗಾ ಭಂಡಾರದಲ್ಲಿಯೂ, ಸಂಶೋಧನಾ ಪ್ರಸ್ತಾವನೆಗಳು ಶೋಧಗಂಗೋತ್ರಿಯಲ್ಲಿಯೂ ಲಭ್ಯ.

ಸರ್ಕಾರಿ ಅಂಕಿಅಂಶ ಬಳಸುವಾಗ ಎರಡು ಸಂಗತಿಗಳನ್ನು ಗಮನಿಸಬೇಕು. ಕಳಸ ಈಗ ಪ್ರತ್ಯೇಕ ತಾಲ್ಲೂಕಾಗಿದ್ದರೂ 2011ರ ಜನಗಣತಿಯಲ್ಲಿ ಅದು ಮೂಡಿಗೆರೆ ತಾಲ್ಲೂಕಿನೊಳಗಿತ್ತು. 2021ರಲ್ಲಿ ನಡೆಯಬೇಕಿದ್ದ ಜನಗಣತಿ ಆ ವರ್ಷ ನಡೆಯಲಿಲ್ಲ. ಹೀಗಾಗಿ ಕಳಸದ 2011ರ ಚಿತ್ರಣ ಬೇಕಾದವರು ಮೂಡಿಗೆರೆಯ ಅಂಕಿಗಳಿಂದ ಗ್ರಾಮವಾರು ಆಯ್ದುಕೊಳ್ಳಬೇಕಾಗುತ್ತದೆ.

ತೋಟ ಎಂಬ ಪದವನ್ನೂ ವ್ಯಾಖ್ಯಾನಿಸಬೇಕು. 1951ರ ತೋಟ ಕಾರ್ಮಿಕರ ಕಾಯ್ದೆಯು 5 ಹೆಕ್ಟೇರ್ ಅಥವಾ ಅದಕ್ಕೂ ದೊಡ್ಡದಾದ, 15 ಅಥವಾ ಹೆಚ್ಚು ಕಾರ್ಮಿಕರಿರುವ ತೋಟಗಳಿಗೆ ಅನ್ವಯಿಸುತ್ತಿತ್ತು. ಅದರ ವಿಷಯಗಳನ್ನು 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿ ಸೇರಿಸಲಾಗಿದೆ. ದೊಡ್ಡ ಎಸ್ಟೇಟುಗಳ ಕಾರ್ಮಿಕರನ್ನು ಮಾತ್ರ ಕಂಡು, ಸಣ್ಣ ಬೆಳೆಗಾರರ ತೋಟಗಳಿಗೂ ಅದೇ ತೀರ್ಮಾನವನ್ನು ಅನ್ವಯಿಸುವುದು ತಪ್ಪಾಗುತ್ತದೆ.

ವಿಧಾನ

ಮೇಲಿನ ಉದಾಹರಣೆಗೆ ಶಾಲೆಯ ಹಾಜರಾತಿ ಪುಸ್ತಕ ಮುಖ್ಯ ಆಧಾರ. ಆದರೆ ಶಾಲೆಗೆ ಸೇರದೇ ಇರುವ ಮಗುವಿನ ಹೆಸರು ಅದರಲ್ಲಿರುವುದಿಲ್ಲ. ಆದ್ದರಿಂದ ಕಾರ್ಮಿಕರ ವಸತಿಗಳಲ್ಲಿ ಮಕ್ಕಳ ಪಟ್ಟಿ ಮಾಡುವುದು, ಶಿಕ್ಷಕರು ಮತ್ತು ಪೋಷಕರ ಸಂದರ್ಶನ ನಡೆಸುವುದು ಅಗತ್ಯ. ಅಸ್ಸಾಂ ಮೊದಲಾದ ರಾಜ್ಯಗಳಿಂದ ಬಂದವರಿಗೆ ಕನ್ನಡದ ಪ್ರಶ್ನಾವಳಿ ಉಪಯೋಗವಾಗದು. ದುಭಾಷಿ ಯಾರೆಂಬುದನ್ನು ಪ್ರಸ್ತಾವನೆಯಲ್ಲಿಯೇ ತಿಳಿಸಬೇಕು. ಕಾರ್ಮಿಕರನ್ನು ಕರೆತಂದ ಮೇಸ್ತ್ರಿಯೇ ದುಭಾಷಿಯಾದರೆ ಕೂಲಿ, ಮುಂಗಡದ ಬಗ್ಗೆ ಮುಕ್ತ ಉತ್ತರ ನಿರೀಕ್ಷಿಸುವಂತಿಲ್ಲ.

ಒಪ್ಪಿಗೆ ಮತ್ತು ಗೋಪ್ಯತೆ

ತೋಟದೊಳಗೆ ಹೋಗಲು ಮಾಲೀಕರ ಅನುಮತಿ ಬೇಕು. ಆದರೆ ಮಾಲೀಕರ ಅನುಮತಿ ಕಾರ್ಮಿಕರ ಒಪ್ಪಿಗೆಯಾಗದು. ರೈಟರ್ ಅಥವಾ ಮೇಸ್ತ್ರಿ ನಿಂತಿರುವಾಗ ಕೇಳುವುದಕ್ಕಿಂತ ಸಂತೆಯ ದಿನ, ಬಿಡುವಿನ ವೇಳೆಯಲ್ಲಿ ತೋಟದ ಹೊರಗೆ ಮಾತನಾಡಿಸುವುದು ಲೇಸು. ಉತ್ತರಿಸದಿರುವ ಹಕ್ಕು ತಮಗಿದೆಯೆಂಬುದನ್ನು ಅವರ ಭಾಷೆಯಲ್ಲಿ ತಿಳಿಸಬೇಕು. ಮಕ್ಕಳನ್ನು ಮಾತನಾಡಿಸಲು ಪೋಷಕರ ಒಪ್ಪಿಗೆ ಹಾಗೂ ಶಾಲೆಯ ಅನುಮತಿ ಕಡ್ಡಾಯವೆಂದೇ ತಿಳಿಯಬೇಕು. ವರದಿಯಲ್ಲಿ ವ್ಯಕ್ತಿಗಳ ಹೆಸರಿನೊಂದಿಗೆ ತೋಟದ ಹೆಸರನ್ನೂ ಮರೆಮಾಚುವುದು ಕ್ಷೇಮ. ಎಪ್‌ಸ್ಟೈನ್ ತಮ್ಮ ಎರಡೂ ಗ್ರಾಮಗಳಿಗೆ ಕಲ್ಪಿತ ಹೆಸರುಗಳನ್ನು ಬಳಸಿದ್ದರು. ಎಂ.ಎನ್. ಶ್ರೀನಿವಾಸರ 'ರಾಂಪುರ'ವೂ ಕಲ್ಪಿತ ಹೆಸರೇ.

ಮಾಹಿತಿಯ ರಕ್ಷಣೆಯನ್ನೂ ಪ್ರಸ್ತಾವನೆ ಹೇಳಬೇಕು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸಂಭವಿಸಿದ ಬೆಂಕಿ ಪ್ರಕರಣದಲ್ಲಿ ಶ್ರೀನಿವಾಸರು ಸಿದ್ಧಪಡಿಸಿದ್ದ ರಾಂಪುರದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ಪ್ರತಿಗಳನ್ನು ಬೇರೆ ಬೇರೆ ಸ್ಥಳಗಳಲ್ಲಿ ಇಡಬೇಕೆಂಬ ಪಾಠ ಇಂದಿಗೂ ಅನ್ವಯಿಸುತ್ತದೆ.

ವೇಳಾಪಟ್ಟಿ

ಅರೇಬಿಕಾ ಕೊಯ್ಲು ಸಾಮಾನ್ಯವಾಗಿ ನವೆಂಬರ್‌ನಿಂದ ಜನವರಿಯವರೆಗೆ, ರೋಬಸ್ಟಾ ಕೊಯ್ಲು ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ನಡೆಯುತ್ತದೆ. ಏಪ್ರಿಲ್‌ನಲ್ಲಿ ಕ್ಷೇತ್ರಕಾರ್ಯಕ್ಕೆ ಇಳಿದರೆ ಹಂಗಾಮಿ ಕಾರ್ಮಿಕರಲ್ಲಿ ಅನೇಕರು ಊರು ಬಿಟ್ಟಿರುತ್ತಾರೆ. ಜೂನ್ ನಂತರ ಮಲೆನಾಡಿನ ಮಳೆ ಸಂಚಾರಕ್ಕೆ ಅಡ್ಡಿಯಾಗುತ್ತದೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಭೂಕುಸಿತಗಳೇ ಸಂಭವಿಸಿದ್ದವು. ಆದಕಾರಣ ಅಕ್ಟೋಬರ್ ಒಳಗೆ ಅನುಮೋದನೆ ಪಡೆದು, ನವೆಂಬರ್‌ನಲ್ಲಿ ಪ್ರಶ್ನಾವಳಿಯನ್ನು ಕೆಲವರ ಮೇಲೆ ಪರೀಕ್ಷಿಸಿ, ಡಿಸೆಂಬರ್ ಮತ್ತು ಜನವರಿಯಲ್ಲಿ ಮಾಹಿತಿ ಸಂಗ್ರಹಿಸುವುದು ಸೂಕ್ತ.

ಪ್ರಯಾಣ, ದುಭಾಷಿಯ ಸಂಭಾವನೆ, ಮುದ್ರಣದ ವೆಚ್ಚಗಳ ಅಂದಾಜನ್ನು ಕೊನೆಯಲ್ಲಿ ಸೇರಿಸಬೇಕು. ಅಧ್ಯಯನ ಮುಗಿದ ಬಳಿಕ ಅದರ ಸಾರಾಂಶವನ್ನು ಮಾಹಿತಿ ನೀಡಿದ ಶಾಲೆಗೂ ಕುಟುಂಬಗಳಿಗೂ ಹೇಗೆ ತಲುಪಿಸಲಾಗುವುದು ಎಂಬ ಒಂದು ವಾಕ್ಯವಿದ್ದರೆ ಪ್ರಸ್ತಾವನೆ ಪೂರ್ಣವಾದಂತೆ.