ಗಬ್ಬರ್ ಬೆಟ್ಟ ಈಗ ಯಾರದ್ದು? (ಸಿನಿಮಾ ಜಾಗಗಳ ಕಥೆ, ಭಾಗ 4)

ಬೆಂಗಳೂರಿಂದ ಮೈಸೂರು ರಸ್ತೆ ಹಿಡಿದು ಸುಮಾರು 50 ಕಿ.ಮೀ. ಹೋದ್ರೆ ರಾಮನಗರ. ಬ್ರಿಟಿಷರ ಕಾಲದಲ್ಲಿ ಇದರ ಹೆಸರು ಕ್ಲೋಸ್‌ಪೇಟೆ. 1973ರಲ್ಲಿ ರಮೇಶ್ ಸಿಪ್ಪಿ ತಂಡ ಇಲ್ಲಿನ ಬಂಡೆಗಳ ನಡುವೆ ‘ರಾಮಗಢ’ ಅನ್ನೋ ಇಡೀ ಹಳ್ಳಿಯನ್ನೇ ಕಟ್ಟಿತು. 1975ರ ಆಗಸ್ಟ್ 15ಕ್ಕೆ ‘ಶೋಲೆ’ ಬಂತು. ಆ ಬೆಟ್ಟ ಹುಡುಕಿಕೊಂಡು ಜನ ಇವತ್ತಿಗೂ ಬರ್ತಾರೆ.

ಆದ್ರೆ ಹೋಗಿ ನೋಡಿ: ಠಾಕೂರ್ ಮನೆ ಇಲ್ಲ, ಬಸಂತಿ ಟಾಂಗಾ ಓಡಿದ ಬೀದಿಯೂ ಇಲ್ಲ. ಅದೆಲ್ಲ ಸೆಟ್, ಯಾವತ್ತೋ ಹೋಯ್ತು. ಉಳಿದಿರೋದು ಬಂಡೆ, ಮತ್ತೆ ಅದರ ಸಂದಿನಲ್ಲಿ ಗೂಡು ಕಟ್ಟೋ ಉದ್ದ ಕೊಕ್ಕಿನ ರಣಹದ್ದು.

ದನಗಳಿಗೆ ಕೊಡ್ತಿದ್ದ ಡೈಕ್ಲೋಫೆನಾಕ್ ಅನ್ನೋ ನೋವಿನ ಔಷಧಿ, ಸತ್ತ ದನ ತಿಂದ ರಣಹದ್ದುಗಳನ್ನ ದೇಶದ ತುಂಬ ಕೊಂದು ಹಾಕಿತು. ಅಳಿದುಳಿದವನ್ನ ಕಾಪಾಡೋಕೆ 2012ರಲ್ಲಿ ರಾಮದೇವರ ಬೆಟ್ಟವನ್ನ ರಣಹದ್ದು ಧಾಮ ಅಂತ ಘೋಷಿಸಿದ್ರು. ಈ ಹಕ್ಕಿ ಒಂದು ಸಲಕ್ಕೆ ಇಡೋದು ಒಂದೇ ಮೊಟ್ಟೆ. ಗಲಾಟೆಗೆ ಬೆದರಿ ಗೂಡು ಬಿಟ್ರೆ ಆ ಮರಿಯೂ ಹೋಯ್ತು.

ಹೋಗ್ಬೇಡಿ ಅಂತಿಲ್ಲ. ಗಬ್ಬರ್ ಥರ ಕೂಗಿ ರೀಲ್ಸ್ ಮಾಡೋ ಮುಂಚೆ ಒಂದ್ಸಲ ತಲೆ ಎತ್ತಿ ನೋಡಿ, ಅಷ್ಟೇ.

ಮುಂದಿನ ಭಾಗ: ‘ಮಾಲ್ಗುಡಿ ಡೇಸ್’ನ ಆಗುಂಬೆ.