ಪಿಎಫ್, ಎನ್‌ಪಿಎಸ್, ಬ್ಯಾಂಕ್ ಬಡ್ಡಿ: ತೆರಿಗೆ ಲೆಕ್ಕ ಬದಲಾದದ್ದೆಲ್ಲಿ?

ಮಾರ್ಚ್ ಹತ್ತಿರವಾದಂತೆ ತೆರಿಗೆ ಉಳಿಸಲೆಂದು ವಿಮೆ, ಪಿಪಿಎಫ್, ಅಂಚೆ ಕಚೇರಿಯ ಸರ್ಟಿಫಿಕೇಟು ಎಂದು ಓಡಾಡುವುದು ಭಾರತದ ಸಂಬಳದಾರರ ಹಳೆಯ ರೂಢಿ. ಕಳೆದ ಕೆಲವು ಬಜೆಟ್‌ಗಳು ಆ ಓಡಾಟಕ್ಕಿದ್ದ ಕಾರಣವನ್ನೇ ತೆಗೆದುಹಾಕಿವೆ. ನಿವೃತ್ತಿಗೆಂದು ನಾವೇ ಕೂಡಿಡುವ ಹಣಕ್ಕೆ ಸಿಗುತ್ತಿದ್ದ ತೆರಿಗೆ ಪ್ರೋತ್ಸಾಹ ಬಹುಮಟ್ಟಿಗೆ ಮುಗಿದಿದೆ.

ಹೊಸ ಪದ್ಧತಿಯಲ್ಲಿ ಇಲ್ಲವಾದದ್ದು

2020ರ ಬಜೆಟ್‌ನಲ್ಲಿ ಬಂದ ಹೊಸ ತೆರಿಗೆ ಪದ್ಧತಿ, 2023-24ರಿಂದ ಬೇರೇನೂ ಆರಿಸದವರಿಗೆ ತಾನಾಗಿಯೇ ಅನ್ವಯಿಸುತ್ತದೆ. ಇದರಲ್ಲಿ ದರ ಕಡಿಮೆ. 2025-26ರಿಂದ ತೆರಿಗೆಗೆ ಒಳಪಡುವ ಆದಾಯ 12 ಲಕ್ಷ ರೂಪಾಯಿ ದಾಟದಿದ್ದರೆ, ಸಾಮಾನ್ಯ ದರದ ಆದಾಯಕ್ಕೆ ರಿಯಾಯಿತಿ ಸಿಕ್ಕಿ ತೆರಿಗೆ ಸೊನ್ನೆಯಾಗುತ್ತದೆ. ಆದರೆ 80ಸಿ ಅಡಿಯ 1.5 ಲಕ್ಷದ ಕಡಿತವಾಗಲಿ, ಎನ್‌ಪಿಎಸ್‌ಗೆ ಸ್ವಂತವಾಗಿ ಕಟ್ಟಿದ್ದಕ್ಕೆ ಸಿಗುತ್ತಿದ್ದ ಹೆಚ್ಚುವರಿ 50,000ದ ಕಡಿತವಾಗಲಿ ಇಲ್ಲಿಲ್ಲ. ಪಿಪಿಎಫ್ ಬಡ್ಡಿಗೆ ಮಾತ್ರ ಎರಡೂ ಪದ್ಧತಿಗಳಲ್ಲಿ ಇಂದಿಗೂ ತೆರಿಗೆಯಿಲ್ಲ.

ಪಿಎಫ್ ಒಳಗೇ ಎರಡು ಖಾತೆ

ಪಿಎಫ್ ಬಡ್ಡಿಗೆ ತೆರಿಗೆಯೇ ಇಲ್ಲವೆಂಬ ಮಾತು 2021ರ ಏಪ್ರಿಲ್ 1ರಿಂದ ಪೂರ್ತಿ ನಿಜವಲ್ಲ. ನೌಕರನ ಪಾಲಿನ ವಂತಿಗೆ ವರ್ಷಕ್ಕೆ 2.5 ಲಕ್ಷ ದಾಟಿದರೆ, ದಾಟಿದ ಭಾಗದ ಬಡ್ಡಿಗೆ ತೆರಿಗೆ ಬೀಳುತ್ತದೆ. ಮಾಲೀಕರ ಪಾಲು ಇಲ್ಲದ ನಿಧಿಗಳಿಗೆ ಈ ಮಿತಿ 5 ಲಕ್ಷ.

ಮೂಲ ವೇತನ ತಿಂಗಳಿಗೆ 2 ಲಕ್ಷ ಇರುವವರನ್ನೇ ತೆಗೆದುಕೊಳ್ಳಿ. ಶೇ 12ರಂತೆ ತಿಂಗಳಿಗೆ 24,000, ವರ್ಷಕ್ಕೆ 2,88,000 ಜಮೆಯಾಗುತ್ತದೆ. ಮಿತಿ ಮೀರಿದ 38,000 ತೆರಿಗೆಯುಳ್ಳ ಪ್ರತ್ಯೇಕ ಲೆಕ್ಕಕ್ಕೆ ಹೋಗುತ್ತದೆ. ಆ ವರ್ಷದ ಬಡ್ಡಿ ಮಾತ್ರವಲ್ಲ, ಹಣ ಅಲ್ಲಿರುವಷ್ಟು ಕಾಲವೂ ಅದರ ಬಡ್ಡಿಗೆ ತೆರಿಗೆ ಉಂಟು. ಮೊತ್ತ ಸಣ್ಣದೆನಿಸಬಹುದು, ಆದರೆ ವರ್ಷ ವರ್ಷವೂ ಬೆಳೆಯುತ್ತದೆ.

ಇದಕ್ಕೂ ಒಂದು ವರ್ಷ ಮೊದಲೇ ಇನ್ನೊಂದು ಬೇಲಿ ಬಂದಿತ್ತು: ಮಾಲೀಕರು ಪಿಎಫ್, ಎನ್‌ಪಿಎಸ್, ಸೂಪರ್‌ಆ್ಯನ್ಯುಯೇಶನ್ ಮೂರಕ್ಕೂ ಸೇರಿ ವರ್ಷಕ್ಕೆ 7.5 ಲಕ್ಷಕ್ಕಿಂತ ಹೆಚ್ಚು ಕಟ್ಟಿದರೆ ಹೆಚ್ಚಿನದ್ದು ನೌಕರನ ಆದಾಯವೇ. ದೊಡ್ಡ ಸಂಬಳದವರು ಪಿಎಫ್ ಅನ್ನು ತೆರಿಗೆಯಿಲ್ಲದ ಠೇವಣಿಯಂತೆ ಬಳಸುತ್ತಿದ್ದುದನ್ನು ತಡೆದದ್ದು ನ್ಯಾಯವೇ. ಆದರೆ ಮಿತಿಗಳು ಬೆಲೆಯೇರಿಕೆಯ ಜೊತೆಗೆ ಏರುವುದಿಲ್ಲ ಎಂಬುದೇ ತಕರಾರು.

ಎನ್‌ಪಿಎಸ್: ಮಾಲೀಕರ ಮೂಲಕ ಮಾತ್ರ

ಹೊಸ ಪದ್ಧತಿಯಲ್ಲೂ ಉಳಿದಿರುವ ಮುಖ್ಯ ಕಡಿತವೆಂದರೆ ಮಾಲೀಕರು ಎನ್‌ಪಿಎಸ್‌ಗೆ ಕಟ್ಟುವ ಪಾಲು. 2024ರ ಜುಲೈ ಬಜೆಟ್ ಖಾಸಗಿ ನೌಕರರಿಗೆ ಇದನ್ನು ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 10ರಿಂದ 14ಕ್ಕೆ ಏರಿಸಿತು. ತಿಂಗಳಿಗೆ 60,000 ಇರುವವರಿಗೆ ವರ್ಷಕ್ಕೆ 72,000 ಇದ್ದ ಕಡಿತ 1,00,800 ಆಗುತ್ತದೆ. ಕಂಪನಿ ಈ ಸೌಲಭ್ಯವನ್ನೇ ಕೊಡದಿದ್ದರೆ ನೌಕರ ಏನೂ ಮಾಡುವಂತಿಲ್ಲ. ಕರ್ನಾಟಕ ಸರ್ಕಾರದ ಸೇವೆಗೆ 2006ರ ಏಪ್ರಿಲ್ 1ರಿಂದೀಚೆಗೆ ಸೇರಿದವರು ಎನ್‌ಪಿಎಸ್ ವ್ಯಾಪ್ತಿಯಲ್ಲಿದ್ದು, ಸರ್ಕಾರದ ಪಾಲಿಗೆ ಅವರಿಗೂ ಈ ಕಡಿತ ಸಿಗುತ್ತದೆ.

ಬಡ್ಡಿ ಮತ್ತು ಟಿಡಿಎಸ್

ಹಿರಿಯ ನಾಗರಿಕರಲ್ಲಿ ಹೆಚ್ಚು ಗೊಂದಲವಿರುವುದು ಇಲ್ಲಿ. 2025ರ ಏಪ್ರಿಲ್‌ನಿಂದ ಬ್ಯಾಂಕುಗಳು ಅವರ ಬಡ್ಡಿ ವರ್ಷಕ್ಕೆ 1 ಲಕ್ಷ ದಾಟಿದರೆ ಮಾತ್ರ ಟಿಡಿಎಸ್ ಹಿಡಿಯುತ್ತವೆ. ಮೊದಲು ಇದು 50,000 ಇತ್ತು. ಉಳಿದವರಿಗೆ ಮಿತಿ 40,000ದಿಂದ 50,000 ಆಗಿದೆ. ಟಿಡಿಎಸ್ ಹಿಡಿಯಲಿಲ್ಲ ಎಂದರೆ ತೆರಿಗೆ ಇಲ್ಲ ಎಂದಲ್ಲ. ಎಸ್‌ಬಿ ಖಾತೆಯ ಬಡ್ಡಿಗೆ ಟಿಡಿಎಸ್ ಇಲ್ಲದಿದ್ದರೂ ಅದನ್ನು ರಿಟರ್ನ್‌ನಲ್ಲಿ ತೋರಿಸಲೇಬೇಕು.

ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಗರಿಷ್ಠ 30 ಲಕ್ಷ ಇಟ್ಟವರಿಗೆ ಶೇ 8.2ರಂತೆ ವರ್ಷಕ್ಕೆ 2,46,000 ಬಡ್ಡಿ. ಇದರ ಜೊತೆ 5 ಲಕ್ಷ ಪಿಂಚಣಿ ಸೇರಿದರೂ ಹೊಸ ಪದ್ಧತಿಯಲ್ಲಿ ತೆರಿಗೆ ಸೊನ್ನೆ. ಆದರೂ ಘೋಷಣಾ ಪತ್ರ (ಇಷ್ಟು ವರ್ಷ 15ಎಚ್ ಎಂದು ಕರೆಯುತ್ತಿದ್ದ ಫಾರಂ) ಕೊಡದಿದ್ದರೆ 24,600 ಟಿಡಿಎಸ್‌ಗೆ ಹೋಗಿ, ರೀಫಂಡ್‌ಗೆ ಕಾಯಬೇಕಾಗುತ್ತದೆ.

ಎಸ್‌ಬಿ ಬಡ್ಡಿಗೆ 10,000, ಹಿರಿಯರಿಗೆ ಎಫ್‌ಡಿ ಸೇರಿ 50,000ದ ಕಡಿತ ಹಳೆಯ ಪದ್ಧತಿಗಷ್ಟೇ ಸೀಮಿತ.

ಆಯ್ಕೆಯ ನಿಯಮ

2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಯಾಗಿದ್ದು, ಕಲಂಗಳ ಸಂಖ್ಯೆ ಬದಲಾಗಿದೆ. ವ್ಯಾಪಾರ, ವೃತ್ತಿಯ ಆದಾಯವಿಲ್ಲದವರು ಪ್ರತಿವರ್ಷ ಯಾವ ಪದ್ಧತಿ ಬೇಕೆಂದು ಆರಿಸಬಹುದು. ಹಳೆಯದು ಬೇಕಿದ್ದವರು ರಿಟರ್ನ್ ಅನ್ನು ಕೊನೆಯ ದಿನಾಂಕದೊಳಗೆ ಸಲ್ಲಿಸಬೇಕು. ತಡವಾದರೆ ಆ ವರ್ಷಕ್ಕೆ ಆಯ್ಕೆ ಕೈತಪ್ಪುತ್ತದೆ.